ಕುಂಕುಮ ಹಚ್ಚಿದ ಲ್ಯಾಪ್‌ಟಾಪಿನಲ್ಲಿ ನನ್ನ ಹೆಸರಿದೆ

ದೂರು ಕೊಟ್ಟವರ ಹೆಸರು ಕಾಯುವ ಹೊಣೆ ಹೊತ್ತ ಮಾನ್ಯರೇ,

ಆಯುಧಪೂಜೆಯ ರಾತ್ರಿ ಶಿರಸಿಯ ನಿಮ್ಮ ಮಕ್ಕಳ ರಕ್ಷಣಾ ಕಚೇರಿಯಿಂದ ಕಳುವಾದ ಲ್ಯಾಪ್‌ಟಾಪಿನಲ್ಲಿ ನನ್ನ ಹೆಸರಿದೆ. ಮನೆಯ ವಿಳಾಸವಿದೆ, ನಾನು ಕೊಟ್ಟ ದೂರಿದೆ. ಇದನ್ನು ನೀವು ನನಗೆ ತಿಳಿಸಲಿಲ್ಲ; ಪೇಪರ್ ಓದಿ ತಿಳಿದುಕೊಂಡೆ. "ಯಂತ್ರ ಹಳೆಯದು, ಇಲಾಖೆಗೆ ಹೇಳಿಕೊಳ್ಳುವಂಥ ನಷ್ಟವಾಗಿಲ್ಲ" ಎಂದು ವರದಿಗಾರರಿಗೆ ಹೇಳಿದ್ದೀರಿ. ಸಂತೋಷ. ಇಲಾಖೆಗೆ ಆಗದ ನಷ್ಟ ಯಾರಿಗೆ ಆಗಿದೆ ಎಂದು ನಿಮಗೆ ಯಾರಾದರೂ ಹೇಳಬೇಕಲ್ಲ?

ಉಳಿದ ದಿನಗಳಲ್ಲಿ ಕಬ್ಬಿಣದ ಬೀರುವಿನಲ್ಲಿ ಬೀಗದೊಳಗೆ ಇರುತ್ತಿದ್ದ ಲ್ಯಾಪ್‌ಟಾಪನ್ನು ಅಂದು ಮುಂದಿನ ಹಾಲಿಗೆ ತಂದು, ಟೈಪ್‌ರೈಟರ್, ಜೀಪಿನ ಜಾಕು, ಸ್ಪಾನರುಗಳ ನಡುವೆ ಚೆಂಡುಹೂವಿಟ್ಟು ಕೂರಿಸಿದಿರಂತೆ. ಪೂಜೆಗೆ ಇಟ್ಟದ್ದನ್ನು ಮಾರನೆಯ ಬೆಳಗಿನವರೆಗೆ ಕದಲಿಸಬಾರದು ಎಂದು ಅಲ್ಲೇ ಬಿಟ್ಟಿರಂತೆ. ಭಕ್ತಿಯನ್ನು ನಾನು ಆಡಿಕೊಳ್ಳುವುದಿಲ್ಲ. ಹಾಸ್ಟೆಲ್ಲಿನಲ್ಲಿ ನಾವೂ ಪುಸ್ತಕಗಳನ್ನು ಪೂಜೆಗೆ ಇಡುತ್ತೇವೆ. ಆದರೆ ಆ ಪುಸ್ತಕ ಹೋದರೆ ಹೋಗುವುದು ನಮ್ಮದೇ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳಿಂದ ಹೆದರುತ್ತ ಬಂದು ಹೇಳಿಹೋದವರ ಮಾತುಗಳನ್ನು ಹಾಲಿನಲ್ಲಿ ಪ್ರದರ್ಶನಕ್ಕಿಡಲು ಅವು ಯಾರ ಆಯುಧ? ಕಳ್ಳ ಟೈಪ್‌ರೈಟರ್ ಮುಟ್ಟಲಿಲ್ಲ. ಯಾವುದಕ್ಕೆ ಎಷ್ಟು ಬೆಲೆಯೆಂದು ಅವನೊಬ್ಬನಿಗಾದರೂ ಗೊತ್ತಿತ್ತು.

ಸುದ್ದಿ ಓದಿದ ದಿನವೇ ನಿಮ್ಮ ಕಚೇರಿಗೆ ಬಂದೆ. ನೀವು ಮೀಟಿಂಗಿನಲ್ಲಿದ್ದಿರಿ. ಗುಮಾಸ್ತ ಶಾಂತಾರಾಮಣ್ಣ ನನ್ನನ್ನು ಕೂರಿಸಿ ಸಮಾಧಾನ ಹೇಳಿದರು.

"ಎಂತಕೆ ಹೆದರೂದು ತಂಗಿ? ಕಳ್ಳ ಅದ್ನ ಮಾರೂಕೆ ತಕಂಡು ಹೋಗಿದ್ದು, ಓದೂಕಲ್ಲ."

"ಪಾಸ್‌ವರ್ಡ್ ಇತ್ತಾ?"

"ಇತ್ತಪ್ಪ! ಯಾರಿಗೂ ಮರೀಬಾರ್ದು ಹೇಳಿ ನಾನೇ ಅದರಡಿಗೆ ಚೀಟಿ ಅಂಟಿಸಿದ್ದೆ."

"ಹಾಗಾದರೆ ಕಳ್ಳನಿಗೂ ಮರೆಯುವುದಿಲ್ಲ ಬಿಡಿ."

ಪಕ್ಕದ ಮೇಜಿನವರು ನಕ್ಕು, "ಹಾಸ್ಟೆಲ್ ಹುಡುಗ್ಯರ ಬಾಯಿ ನೋಡು ಮಾರಾಯ" ಎಂದರು. ನಾನೂ ನಕ್ಕೆ. ಹೊರಗೆ ಬಂದು, ಗುರುತಿನವರು ಯಾರೂ ಇಲ್ಲವೆಂದು ಎರಡೆರಡು ಸಲ ನೋಡಿಕೊಂಡೇ ರಸ್ತೆಗಿಳಿದೆ.

ಯಾಕೆ ಎಂದು ಹೇಳುತ್ತೇನೆ. ಕಳೆದ ಬೇಸಿಗೆಯಲ್ಲಿ, ಎಸ್ಸೆಸ್ಸೆಲ್ಸಿ ಮುಗಿಯುತ್ತಲೇ, ನನ್ನ ಗೆಳತಿಗೆ ಮದುವೆ ನಿಶ್ಚಯವಾಯಿತು. ಅವಳನ್ನು ಗಂಗಾಂಬಿಕಾ ಎನ್ನೋಣ. ಅವಳು ಅಳುತ್ತ ಹೇಳಿದಳು, ನಾನು ನಿಮ್ಮ ಬಳಿ ಬಂದು ಹೇಳಿದೆ. "ಇದು ಕಾನ್ಫಿಡೆನ್ಷಿಯಲ್. ಕಾಗದದಲ್ಲಿ ಬರೆದರೆ ಹತ್ತು ಜನ ನೋಡ್ತಾರೆ, ಲ್ಯಾಪ್‌ಟಾಪಾದರೆ ನಾನು ಮಾತ್ರ" ಎಂದಿರಿ. ನೀವು ಮದುವೆ ನಿಲ್ಲಿಸಿದಿರಿ. ಅದಕ್ಕೆ ಇಂದಿಗೂ ಕೈ ಮುಗಿಯುತ್ತೇನೆ. ಅವಳ ಅಪ್ಪ ಶಿವಪುತ್ರಪ್ಪ ಕಾಕಾ ಮುಚ್ಚಳಿಕೆ ಬರೆದುಕೊಟ್ಟು, ಜೂನಿನಲ್ಲಿ ಅವಳನ್ನು ನನ್ನ ಜೊತೆ ಕಾಲೇಜಿಗೂ ಹಾಸ್ಟೆಲ್ಲಿಗೂ ಸೇರಿಸಿದರು. ಈ ಕಾಗದವನ್ನೂ ಹತ್ತು ಜನ ನೋಡುತ್ತಾರೆ; ಅದಕ್ಕೇ ಇಲ್ಲಿ ಹೆಸರು, ನಂಟು, ಊರು ಯಾವುದನ್ನೂ ಇದ್ದಂತೆ ಬರೆದಿಲ್ಲ. ನಿಮ್ಮ ಕಚೇರಿಗಿಂತ ತುಸು ಹೆಚ್ಚೇ ಎಚ್ಚರ ವಹಿಸಿದ್ದೇನೆ.

ಹೇಳಿದವರು ಯಾರೆಂದು ಕಾಕಾನಿಗೆ ತಿಳಿದಿಲ್ಲ. ಬದುವಿನ ಜಗಳದ ದಾಯಾದಿಗಳ ಮೇಲೆ ಅವರ ಗುಮಾನಿ. ಮೊನ್ನೆ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಹಾಸ್ಟೆಲ್ಲಿಗೆ ಬಂದಾಗಲೂ ಅದೇ ಮಾತು: "ಯಾವ ಬಾಡ್ಯಾ ಹೇಳ್ಯಾನೋ ಏನೋ, ಅವ್ನ ನಾಲಿಗಿ ಸೇದಿ ಹೋಗ್ಲಿ. ನೀ ತಿನ್ನವಾ. ನಮ್ಮಾಕಿ ಜೋಡಿ ನೀ ಅದಿ ಅಂತನ ನಾ ನಿಶ್ಚಿಂತಿಂದ ಅದೀನಿ." ನಾನು ತಿಂದೆ. ನನ್ನ ಹೆಸರು ಕಂಡರೆ ಅದರ ಹಿಂದೆ ಮಗಳಿದ್ದಾಳೆಂದು ಊಹಿಸಲು ಅವರಿಗೆ ಒಂದು ಗಳಿಗೆ ಸಾಕು. ಅಲ್ಲಿಗೆ ಅವಳ ಕಾಲೇಜು ಮುಗಿಯಿತು.

ಅಷ್ಟು ದೂರ ಹೋಗುತ್ತದೆಯೇ ಎನ್ನುವಿರಾ? ಕದ್ದ ಲ್ಯಾಪ್‌ಟಾಪ್ ರಿಪೇರಿ ಅಂಗಡಿಗೇ ಬರಬೇಕು. ಇಲ್ಲಿ ಅಂಥ ಅಂಗಡಿಗಳು ಎಷ್ಟಿವೆ? ತೆರೆದವನಿಗೆ ಒಂದು ಊರಿರುತ್ತದೆ, ಆ ಊರಿನಲ್ಲಿ ಒಂದು ಚಹಾದಂಗಡಿ ಇರುತ್ತದೆ. ಈಗ ಮೆಸ್ಸಿನಲ್ಲಿ ಯಾರಾದರೂ ತಿರುಗಿ ನೋಡಿದರೂ ತಟ್ಟೆ ಎತ್ತಿಕೊಂಡು ಬೇರೆ ಮೂಲೆಗೆ ಹೋಗುತ್ತೇನೆ.

ಆದ್ದರಿಂದ ಕೇಳುತ್ತಿದ್ದೇನೆ. ಆ ಲ್ಯಾಪ್‌ಟಾಪಿನಲ್ಲಿ ಯಾರ ಯಾರ ದೂರಿತ್ತೋ ಅವರಿಗೆಲ್ಲ, ಕಳ್ಳನಿಗಿಂತ ಮೊದಲು, ನೀವೇ ಗುಟ್ಟಾಗಿ ತಿಳಿಸಿ. ಕಚೇರಿಯ ಜೀಪಿನಲ್ಲಿ ಮನೆಗೆ ಬಂದು ತಿಳಿಸಬೇಡಿ ಮತ್ತೆ. ಹೊಸದನ್ನು ಕೊಂಡಾಗ ದೂರಿನ ಫೈಲುಗಳಿಗೆ ಬೇರೆ ಪಾಸ್‌ವರ್ಡ್ ಹಾಕಿ. ಅದನ್ನು ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಮೊದಲ ವಾರವೇ ಹೇಳಿಕೊಡುತ್ತಾರೆ.

ನಿನ್ನೆ ಕಾಕಾ ಫೋನ್ ಮಾಡಿದ್ದರು. "ದೀಪಾವಳಿಗೆ ಇಬ್ರನ್ನೂ ಕರ್ಕೊಂಡು ಹೋಗಾಕ ಟೆಂಪೋ ತಗೊಂಡು ನಾನ ಬರ್ತೀನಿ. ಶನಿವಾರ ತಯಾರಾಗಿರ್ರಿ" ಎಂದು ನಕ್ಕರು. ಆ ನಗು ಹೇಗಿತ್ತೆಂದು ಗಂಗಾಂಬಿಕಾಳನ್ನು ಕೇಳಿದೆ. "ಅಪ್ಪ ಯಾವಾಗ್ಲೂ ಹಂಗ ನಗೋದು" ಎಂದಳು. ಮಡಚುತ್ತಿದ್ದ ಬಟ್ಟೆ ಕೆಳಗಿಟ್ಟು, "ಹೌದಲ್ಲೇ?" ಎಂದು ನನ್ನನ್ನೇ ಕೇಳಿದಳು.

ದೂರಿನ ಜೊತೆಗೇ ಕಳುವಾದ ನನ್ನ ನಂಬರ್ ಈಗ ನಿಮ್ಮ ಬಳಿ ಇಲ್ಲವೆಂದು ಬಲ್ಲೆ. ಶುಕ್ರವಾರ ನಾನೇ ಕಚೇರಿಗೆ ಬರುತ್ತೇನೆ. ಅಂದು ಮೀಟಿಂಗ್ ಇಟ್ಟುಕೊಳ್ಳಬೇಡಿ. ಆ ದೂರು ಯಾರ ಕೈಯಲ್ಲಿದೆಯೆಂದು ಹೇಳಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದಾದರೂ ಹೇಳಿ. ನಾವಿಬ್ಬರೂ ಆ ಟೆಂಪೋ ಹತ್ತಬಹುದೇ?

ಇಂತಿ,
ಊರಿಗೆ ಹೋಗಲು ಚೀಲ ತುಂಬಿ, ಮತ್ತೆ ಬಿಚ್ಚಿ ಕುಳಿತಿರುವ
ಪ್ರಥಮ ವರ್ಷದ ಒಬ್ಬ ವಿದ್ಯಾರ್ಥಿನಿ