ಬಾಡದೆ ನಿಂತ ಗಿಡಗಳು

ಪ್ಲೊವ್ದಿವ್
ಮಾರ್ಚ್ ೧೧, ಮಂಗಳವಾರ

ಮುದ್ದು ಇಸ್ಕ್ರಾ,

ಹೇಗಿದ್ದೀಯೆ? ಮಗು ಹಾಲು ಸರಿಯಾಗಿ ಕುಡಿಯುತ್ತಿದೆಯೇ? ನಲವತ್ತು ದಿನ ತುಂಬುವವರೆಗೆ ಮನೆಯಿಂದ ಹೊರಗೆ ಕಾಲಿಡಬೇಡ. ನಿನ್ನ ಅತ್ತೆಗೆ ಸದಾ ಕಿಟಕಿ ತೆರೆದಿಡುವ ಚಟ. ವಾರ್ನಾದ ಕಡಲಗಾಳಿ ಕೂಸಿಗೆ ತಾಗದಂತೆ ನೋಡಿಕೋ. ನಾನು ಚೆನ್ನಾಗಿದ್ದೇನೆ, ಮೊಣಕಾಲು ಮಾತ್ರ ಮಾತು ಕೇಳುವುದಿಲ್ಲ.

ಈಗ ನಿನ್ನ ಪ್ರಯೋಗದ ಗಿಡಗಳ ವಿಷಯ. ನಿಮ್ಮ ಸಂಶೋಧನಾ ಸಂಸ್ಥೆಯ ಗಾಜಿನಮನೆಯನ್ನು ಇಪ್ಪತ್ತೆರಡು ವರ್ಷದಿಂದ ನೋಡಿಕೊಂಡವಳಿಗೆ ಇಷ್ಟಾದರೂ ತಿಳಿಯುತ್ತದೆ. ನೀರು ಕಡಿಮೆಯಾದಾಗ ಆ ನಿನ್ನ ಕಿಣ್ವ ಜೀವಕೋಶದ ಪೊರೆಯ ಕೊಬ್ಬನ್ನು ಕತ್ತರಿಸುತ್ತದೆ, ಕತ್ತರಿಸಿದ ತುಂಡು ಎಲೆಯ ರಂಧ್ರಗಳಿಗೆ ಮುಚ್ಚಿಕೊಳ್ಳಿ ಎಂದು ಸುದ್ದಿ ಮುಟ್ಟಿಸುತ್ತದೆ, ಅಲ್ಲವೇ? ಕಿಣ್ವವಿಲ್ಲದ ಗಿಡಕ್ಕೆ ಸುದ್ದಿಯೇ ಇಲ್ಲ, ಅದು ಮೊದಲು ಬಾಡಬೇಕು. ನೀರು ನಿಲ್ಲಿಸಿ ಒಂಬತ್ತು ದಿನವಾಯಿತು. ಕಿಣ್ವವಿಲ್ಲದ ಮೂವತ್ತಾರು ಕುಂಡಗಳಲ್ಲಿ ಅರ್ಧಕ್ಕರ್ಧ ಮದುವಣಗಿತ್ತಿಯರ ಹಾಗೆ ನೆಟ್ಟಗೆ ನಿಂತಿವೆ! ಯಾರೋ ಕದ್ದು ನೀರು ಹಾಕುತ್ತಿದ್ದಾರೆ. ಯಾರೋ ಏನು, ನಿನ್ನ ಎದುರು ಮೇಜಿನ ಪ್ಲಾಮೆನ್. ಇನ್ನೊಂದು ಬೀಗದಕೈ ಇರುವುದು ಅವನ ಬಳಿ, ಖಾಯಂ ಕೆಲಸ ಸಿಗುವುದು ನಿಮ್ಮಿಬ್ಬರಲ್ಲಿ ಒಬ್ಬರಿಗೆ. ಶನಿವಾರ ಬಾಗಿಲ ಬಳಿ ಹಿಟ್ಟು ಉದುರಿಸಿ ಬಂದಿದ್ದೆ. ಭಾನುವಾರ ಅವನ ಬೂಟಿನ ಗುರುತು ಸಿಕ್ಕಿತು. ಕೇಳಿದರೆ, "ನನ್ ಗಿಡ ನೋಡೋಕೆ ಬಂದಿದ್ದೆ ದೋನ್ಕಕ್ಕ. ನೀರ್ ಹಾಕೋಕೆ ನಂಗೇನ್ ಹುಚ್ಚಾ? ಕುಂಡ ತೂಕ ಹಾಕಿ ನೋಡಿ. ಬೀಜ ಕೂಡಿಟ್ಟೋರ್ ಯಾರು ಅಂತ ಮೊದ್ಲು ಯೋಚ್ನೆ ಮಾಡಿ" ಎಂದ. "ತಪ್ಪು ಬೀಜದ್ದಾ? ಚೆನ್ನಾಗಿದೆಯಪ್ಪಾ ನಿನ್ ನಾಟಕ!" ಎಂದು ಎಲ್ಲರ ಮುಂದೆ ಜಾಡಿಸಿದೆ. ಪ್ರೊಫೆಸರರಿಗೂ ಹೇಳಿದೆ. ನಿನ್ನೆ ಅವನ ಬೀಗದಕೈ ಕಿತ್ತುಕೊಂಡರು, ಶುಕ್ರವಾರ ಕೆಲಸದಿಂದಲೇ ತೆಗೆಯುತ್ತಾರಂತೆ. ನೀನು ನಿಶ್ಚಿಂತೆಯಿಂದ ಈ ಗಿಡಗಳ ಮೇಲಿನ ಲೇಖನವನ್ನು ಪತ್ರಿಕೆಗೆ ಕಳಿಸು.

ಮಗುವಿನ ಹಣೆಗೊಂದು ಮುತ್ತು. ಅಳಿಯನನ್ನು ಕೇಳಿದೆನೆಂದು ಹೇಳು. ನಿಮ್ಮೆಲ್ಲರನ್ನೂ ದೇವಮಾತೆ ಕಾಯಲಿ.

ನಿನ್ನ ಅಮ್ಮ,
ದೋನ್ಕಾ

ತಾ.ಕ.: ಲೇಖನ ಕಳಿಸಬೇಡ! ಅವನ ಬಾಯಿ ಮುಚ್ಚಿಸೋಣವೆಂದು ಈಗಷ್ಟೇ ಕುಂಡಗಳನ್ನು ತೂಗಿದೆ. ಎಲ್ಲವೂ ಒಂದೇ ಸಮ ಹಗುರ, ಯಾರೂ ನೀರು ಹಾಕಿಲ್ಲ. ಬೀಜ ಬಿಡಿಸಿದ ದಿನ ಮೇಜಿನ ಮೇಲೆ ಚೆಲ್ಲಿದ್ದನ್ನು ಹಾಳುಮಾಡಲು ಮನಸ್ಸು ಬಾರದೆ, ಎಲ್ಲವನ್ನೂ ಬಳಿದು ಕಿಣ್ವವಿಲ್ಲದ ಬೀಜದ ನಿನ್ನ ಲಕೋಟೆಗೆ ಹಾಕಿದವಳು ನಾನೇ. ಪಕ್ಕದ, ಕಿಣ್ವವಿರುವ ಒಳ್ಳೆ ಗಿಡಗಳ ಬೀಜವೂ ಅದರಲ್ಲಿ ಸೇರಿಹೋಗಿದೆ; ಬಾಡದೆ ನಿಂತಿರುವುದು ಅವೇ. ಆ ದಿನ ಪ್ಲಾಮೆನ್ ಅಲ್ಲೇ ನಿಂತಿದ್ದ, ನೋಡಿದ್ದ. ಈಗಲೇ ಪ್ರೊಫೆಸರರ ಬಳಿ ಹೋಗುತ್ತಿದ್ದೇನೆ. ನಿನ್ನೆ ಬೀಗದಕೈ ಕೊಡುವಾಗಲೂ ಅವನು ನನ್ನ ಹೆಸರು ಹೇಳಲಿಲ್ಲ ಕಣೇ.