ಉಳ್ಳಾಗಡ್ಡಿ ಬಿಟ್ಟ ಅವ್ವನಿಗೆ

ಅವ್ವಾ,

ಇವತ್ತು ಮುಂಜಾನೆ ಪಕ್ಕದ ಮನೆಯ ಜ್ಯೋತಿಯಕ್ಕ ಬಂದು, ಗಾಡಿಯ ಮೇಲೆ ಸಿಂಧನೂರಿನಾಚೆಯ ಆರ್.ಎಚ್. ಕ್ಯಾಂಪಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು ಎಂದಳು. ನಿನಗಾದಂಥದೇ ಗಂಟು ಅವಳ ಕುತ್ತಿಗೆಯಲ್ಲೂ ಎದ್ದಿದೆ. ನೀನು ತಿನ್ನುತ್ತಿದ್ದ ಹೋಮಿಯೋಪತಿಯ ಸಿಹಿ ಗುಳಿಗೆಯೇ ಅವಳಿಗೂ ಬೇಕಂತೆ.

"ಅವ್ವಗ ಅದರಿಂದ ಏನೂ ಆಗಲಿಲ್ಲಕ್ಕ" ಎಂದೆ.

"ಆಕಿ ಕದ್ದು ಉಳ್ಳಾಗಡ್ಡಿ ತಿಂತಿದ್ಲಂತ. ಅದಕ್ಕ ಔಷಧ ಹತ್ತಲಿಲ್ಲ. ಆಕೀನ ನನ್ನ ಮುಂದ ಹೇಳ್ಯಾಳ."

ಉಳ್ಳಾಗಡ್ಡಿ ಬಿಡಬೇಕು ಎಂದು ಕ್ಯಾಂಪಿನ ಡಾಕ್ಟರು ಹೇಳಿದ ಮೇಲೆ ನೀನು ಸಾಯುವ ತನಕ ಅದನ್ನು ಬಾಯಿಗೆ ಹಾಕಲಿಲ್ಲ. ನಮಗೆ ಒಡೆದು ಕೊಟ್ಟು, ಕೈ ತೊಳೆದು, ಬರೀ ರೊಟ್ಟಿಯನ್ನು ನೀರಲ್ಲಿ ಅದ್ದಿ ತಿನ್ನುತ್ತಿದ್ದೆ. ನಾನು ಎದುರಿಗೇ ಕೂತಿರುತ್ತಿದ್ದೆ. ಸಿಂಧನೂರಿನ ದೊಡ್ಡ ದವಾಖಾನೆ ದಾಟಿಸಿ ನಿನ್ನನ್ನು ಕ್ಯಾಂಪಿಗೆ ಕರೆದೊಯ್ಯುತ್ತಿದ್ದವನೂ ನಾನೇ.

"ಅವ್ವ ಒಂದು ಚೂರೂ ತಿಂದಿಲ್ಲ. ಗುಳಿಗಿ ಗಂಟು ಕರಗಿಸಲಿಲ್ಲ, ಅಷ್ಟ. ನನ್ನ ಗಾಡಿ ದವಾಖಾನಿತನಾ ಹೋಗತೈತಿ, ಮುಂದ ಇಲ್ಲ."

"ಒಂಬತ್ತನೇ ಕ್ಲಾಸಿಗೆ ಸಾಲಿ ಬಿಟ್ಟಾಂವ, ದೊಡ್ಡ ಡಾಕ್ಟರ್ ಆಗ್ಯಾನ ನೋಡು!" ಎಂದು ಬೈಯುತ್ತಲೇ ಗಾಡಿ ಹತ್ತಿದಳು.

ದೊಡ್ಡ ದವಾಖಾನೆಯಲ್ಲಿ ಅವಳ ಗಂಟಿನೊಳಗೆ ಸೂಜಿ ಹಾಕಿ ತೆಗೆದದ್ದನ್ನು ಪರೀಕ್ಷೆಗೆ ಕಳಿಸಿದ್ದಾರೆ. ಏನು ಬರುತ್ತದೋ ಗೊತ್ತಿಲ್ಲ.

ವಾಪಸು ಬರುವಾಗ ಹಿಂದಿನಿಂದ ಕೇಳಿದಳು: "ಹಂಗಾರ ನಿಮ್ಮವ್ವ ನನ್ನ ಮುಂದ ಸುಳ್ಳು ಯಾಕ ಹೇಳಿದ್ಲಲೇ?"

ದವಾಖಾನೆ ದಾಟಿಸಿ ಒಯ್ದ ನನ್ನ ಮೇಲೆ ಯಾರೂ ತಪ್ಪು ಹೊರಿಸಬಾರದೆಂದೇ ನೀನು ಹಾಗೆ ಹೇಳಿದ್ದು ಎಂದು ಗೊತ್ತಿದ್ದೂ, ನಾನು ಗಾಡಿ ಜೋರು ಮಾಡಿದೆ.

ಮಧ್ಯಾಹ್ನ ಅಪ್ಪ ಒಡೆದು ಕೊಟ್ಟ ಉಳ್ಳಾಗಡ್ಡಿಯನ್ನು ಬದಿಗೆ ಸರಿಸಿ, ರೊಟ್ಟಿಯನ್ನು ನೀರಲ್ಲಿ ಅದ್ದಿ ತಿಂದು ನೋಡಿದೆ. ಗಂಟಲಲ್ಲಿ ಇಳಿಯುವುದೇ ಇಲ್ಲ, ಅವ್ವಾ.