ಹತ್ತನೇ ರೀಲು

ಹಿರಿಯೂರು
೪ ನವೆಂಬರ್ ೨೦೨೫, ಮಂಗಳವಾರ

ಆದಿವಾಲದ ಗೊಲ್ಲಪ್ಪನಿಗೆ ಅವನ ಹಜರತ್ ಅಲಿಯ ಸಲಾಮು, ನಮಸ್ಕಾರ, ಎರಡೂ.

ಕೂಗಳತೆಯಲ್ಲಿ ಇರುವವನಿಗೆ ಕಾಗದ ಬರೆಯುತ್ತಾನಲ್ಲ, ಇವನಿಗೆ ಅರವತ್ತರ ಅರಳುಮರಳು ಹಿಡಿಯಿತು ಅಂತ ನಗುತ್ತೀಯ. ನಗು. ಫೋನ್ ಮಾಡಿದರೆ ನೀನು ನನ್ನ ಮಾತು ಮುಗಿಸಗೊಡುವುದಿಲ್ಲ. ಸಬ್‌ಮರೀನ್ ಸಿನಿಮಾದ ವಿಷಯ ಬಂದರೆ ಈ ನಲವತ್ತೊಂದು ವರ್ಷದಲ್ಲಿ ಒಂದು ಸಲವಾದರೂ ನಾನು ಹೇಳಿದ್ದನ್ನು ಪೂರ್ತಿ ಕೇಳಿದ್ದೀಯಾ? ಎದುರಿಗೆ ಕೂತು ಹೇಳುವ ಧೈರ್ಯವಂತೂ ನನಗಿಲ್ಲ. ನನ್ನ ಮಗ ಶಾಹಿದ್ ಕೈಯಲ್ಲಿ ಕಳಿಸುತ್ತಿದ್ದೇನೆ. ಒಳಗೆ ಏನಿದೆಯೆಂದು ಅವನಿಗೆ ಗೊತ್ತಿಲ್ಲ. ಅವನು ಹೋದ ಮೇಲೆ ಒಡೆ.

ಶುಕ್ರವಾರ ನೀನು ನನ್ನ ಅಂಗಡಿಯಿಂದ ಎದ್ದು ಹೋದಾಗಿನಿಂದ ನನಗೆ ಊಟ ಸೇರುತ್ತಿಲ್ಲ. ನಸೀಬಾ ಕೇಳಿ ಕೇಳಿ ಸಾಕಾಗಿ, ಹೊಟ್ಟೆಯಲ್ಲಿ ಇಟ್ಟುಕೊಂಡದ್ದನ್ನು ಮೊದಲು ಕಕ್ಕಿ, ಆಮೇಲೆ ಅನ್ನ ಕೇಳಿ ಎಂದಳು. ಹೆಂಗಸು ಎಷ್ಟು ಸರಿಯಾಗಿ ಹೇಳಿದಳು ನೋಡು.

ಎಷ್ಟು ಜಗಳ ಆಡಿದ್ದೇವೆ ನಾವು! ಟೀವಿ ರಿಪೇರಿ ಅಂಗಡಿಗೆ ಬಂದ ಗಿರಾಕಿಗಳು ತಮ್ಮ ಟೀವಿ ಮರೆತು ನಮ್ಮ ವಾದ ಕೇಳುತ್ತಾ ನಿಂತಿರುತ್ತಿದ್ದರು. ಪಿಚ್ಚರು ನೋಡಿದ್ದು ಮೊದಲು ಸೀಡಿಯಲ್ಲಿ, ಆಮೇಲೆ ಶಾಹಿದ್‌ನ ಫೋನಿನಲ್ಲಿ. ಹಿಮದ ಕೆಳಗೆ ಸಿಕ್ಕಿಕೊಂಡದ್ದು, ಇಂಜಿನ್ ಆರಿಸಿ ಮಂದಿಯೆಲ್ಲ ಉಸಿರು ಬಿಗಿಹಿಡಿದು ಕೂತದ್ದು, ಕೊನೆಗೆ ಆ ಹಿಂದಿಯದು, ಹಡಗಿನೊಳಗೆ ನಾಯಕಿ ಬಂದು ಹಾಡು ಹೇಳಿದ್ದು. ಅವಳು ಯಾವ ಬಾಗಿಲಿಂದ ಬಂದಳೋ ಎಂದು ನೀನು ಒಂದು ವಾರ ತಲೆ ತಿಂದಿದ್ದೆ. ನಾನು ಯಾವುದನ್ನು ಹೊಗಳಿದರೂ ನಿನ್ನದು ಒಂದೇ ತೀರ್ಪು: ಎಂಬತ್ತನಾಲ್ಕರಲ್ಲಿ ಒಂದು ಭಾನುವಾರ, ನಾನು ಪ್ರೊಜೆಕ್ಟರ್ ನಡೆಸುತ್ತಿದ್ದ ನಮ್ಮ ಥಿಯೇಟರಿನಲ್ಲಿ ನೋಡಿದ ಆ ಹೆಸರು ಮರೆತ ಇಂಗ್ಲಿಷ್ ಪಿಚ್ಚರ್ ಮುಂದೆ ಇವೆಲ್ಲ ಕಸ. ಯಾಕೆಂದರೆ ಅದರಲ್ಲಿ ಹಡಗು ಮುಳುಗಿತು, ಮುಳುಗಿದ್ದು ಮೇಲೆ ಬರಲಿಲ್ಲ. 'ಲೇ ಹಜರತ್ತ, ಮುಳುಗಿದ್ಮ್ಯಾಲೆ ಎದ್ದು ಬರೋದೆಲ್ಲ ಸುಳ್ಳು ಕಣಲೇ. ಅದೊಂದು ಪಿಚ್ಚರ್ ಮಾತ್ರ ನಿಜ ಹೇಳ್ತು' ಎನ್ನುತ್ತಿದ್ದೆ. ಮೇಲೆ ಬಾರದ ಕಥೆ ಅರ್ಧ ಕಥೆ ಎಂದು ನಾನು ವಾದಿಸುತ್ತಿದ್ದೆ.

ಶುಕ್ರವಾರ ನಿನ್ನ ಮೊಮ್ಮಗಳು ಕಾವ್ಯಶ್ರೀ ಒಂದು ಕೈಯಲ್ಲಿ ಪೇಢಾ, ಇನ್ನೊಂದರಲ್ಲಿ ನೇವಿಯ ಕಾಗದ ಹಿಡಿದು ಬಂದಳು. ನೌಕಾಪಡೆಗೆ ಆಯ್ಕೆಯಾಗಿದ್ದೇನೆ, ಬರುವ ಸೋಮವಾರ ಒಡಿಶಾದ ತರಬೇತಿಗೆ ಹೊರಡಬೇಕು, ಅಜ್ಜ ಹೂಂ ಅಂದರೆ ಮಾತ್ರ ಹೋಗುತ್ತೇನೆ ಎಂದಳು. ತಂದೆ ಇಲ್ಲದ ಮಗು, ನೀನೇ ಎತ್ತಿ ಆಡಿಸಿ ಬೆಳೆಸಿದವನು. ನೀನು ಪೇಢಾ ಮುಟ್ಟಲಿಲ್ಲ. 'ನನ್ನ ಮೊಮ್ಮಗಳನ್ನ ನೀರಾಗೆ ಹಾಕಕ್ಕೆ ನಾನೇನು ಹುಚ್ಚನಾ?' ಎಂದು ಕಿರುಚಿದೆ. ಎಂಬತ್ತನಾಲ್ಕರ ಆ ಭಾನುವಾರದ ಪಿಚ್ಚರಿನ ಕಥೆಯನ್ನು ನೀನು ಮೊದಲಿಂದ ಕೊನೆಯವರೆಗೆ ಹೇಳಿದೆ. ಅವಳು ನನ್ನ ಕಡೆ ತಿರುಗಿ, 'ಅಲಿ ಅಜ್ಜ, ನೀವೇ ಅಲ್ವಾ ಅವತ್ತು ಪಿಚ್ಚರ್ ಬಿಟ್ಟಿದ್ದು? ನಿಜ್ವಾಗ್ಲೂ ಒಬ್ರೂ ಮ್ಯಾಲೆ ಬರ್ಲಿಲ್ವಾ?' ಎಂದು ಕೇಳಿದಳು.

ನಾನು ಸ್ಕ್ರೂಡ್ರೈವರ್ ಹುಡುಕುವವನ ಹಾಗೆ ತಲೆ ತಗ್ಗಿಸಿ, ಇಲ್ಲ ಕಣಮ್ಮ ಎಂದೆ. ಥೂ ನನ್ನ ಜನ್ಮಕ್ಕೆ. ಮಗು ಆ ಕಾಗದವನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡು ಹೋಯಿತು.

ಗೊಲ್ಲಾ, ಅವರು ಮೇಲೆ ಬಂದರು. ಎಲ್ಲರೂ ಬಂದರು.

ಈಗ ಕೇಳು. ಭಾನುವಾರ ಬೆಳಗಿನ ಆಟಕ್ಕೆ ಬರುತ್ತಿದ್ದ ಇಂಗ್ಲಿಷ್ ಪಿಚ್ಚರುಗಳಿಗೆ ಒಂದೇ ಪ್ರಿಂಟು, ಎರಡು ಊರು. ಚಿತ್ರದುರ್ಗದಲ್ಲಿ ಒಂಬತ್ತಕ್ಕೆ ಶುರು, ನಮ್ಮಲ್ಲಿ ಹನ್ನೊಂದಕ್ಕೆ. ಅಲ್ಲಿ ಓಡಿ ಮುಗಿದ ರೀಲುಗಳನ್ನು ಡಬ್ಬಿಗೆ ಹಾಕಿ ಸಿಕ್ಕ ಸಿಕ್ಕ ಬಸ್ಸಿಗೆ ಏರಿಸುತ್ತಿದ್ದರು. ಕೊನೆಯ ರೀಲನ್ನು ಕಂಡಕ್ಟರ್ ಏಕಾಂತಪ್ಪ ನಮ್ಮ ಗೇಟಿನ ಮುಂದೆ ಬಸ್ ನಿಲ್ಲಿಸಿ ಇಳಿಸಿ ಹೋಗುತ್ತಿದ್ದ. ಇಲ್ಲಿ ನಾಲ್ಕನೇ ರೀಲು ಓಡುತ್ತಿದ್ದರೆ ಎಂಟನೆಯದು ಇನ್ನೂ ಐಮಂಗಲದ ಹತ್ತಿರ ರಸ್ತೆಯಲ್ಲಿರುತ್ತಿತ್ತು. ಇದನ್ನು ಥಿಯೇಟರಿನವರು ಹೊರಗಿನವರಿಗೆ ಹೇಳುತ್ತಿರಲಿಲ್ಲ, ನಿನಗೂ ಹೇಳಿರಲಿಲ್ಲ. ಆ ಪಿಚ್ಚರಿಗೆ ಹತ್ತು ರೀಲು. ನೀವು ನೋಡಿದ್ದು ಒಂಬತ್ತು. ಏಕಾಂತಪ್ಪನ ಬಸ್ಸು ಐಮಂಗಲದ ಹತ್ತಿರ ಪಂಕ್ಚರ್ ಆಗಿ ಹತ್ತನೆಯದು ತಡವಾಯಿತು. ಒಂಬತ್ತನೆಯದು ಮುಗಿದಾಗ ಹಡಗು ತಳದಲ್ಲಿ ಕೂತಿತ್ತು, ದೀಪ ಆರಿತ್ತು. ಜನ ಸೀಟಿ ಹೊಡೆದು ಗಲಾಟೆ ಮಾಡುತ್ತಾರೆಂದು ಹೆದರಿ 'ವಂದನೆಗಳು, ಹೋಗಿ ಬನ್ನಿ' ಎನ್ನುವ ಸ್ಲೈಡು ಹಾಕಿಬಿಟ್ಟೆ. ಇಂಗ್ಲಿಷ್ ಮಾತು ಯಾರಿಗೂ ತಿಳಿದಿರಲಿಲ್ಲ. ದೊರೆಗಳ ಪಿಚ್ಚರು ಹೀಗೇ ಮುಗಿಯುತ್ತದೇನೋ ಎಂದುಕೊಂಡು ಜನ ಸುಮ್ಮನೆ ಎದ್ದು ಹೋದರು.

ಹಾಲ್ ಖಾಲಿಯಾದ ಮೇಲೆ ಆ ರೀಲನ್ನು ನಾನೊಬ್ಬನೇ ಓಡಿಸಿ ನೋಡಿದೆ. ಇಂದಿಗೂ ಕಣ್ಣಲ್ಲಿದೆ, ಹೇಳುತ್ತೇನೆ. ಕತ್ತಲಲ್ಲಿ ಒಬ್ಬ ತಡಕಾಡಿ ಒಂದು ಚಕ್ರ ತಿರುಗಿಸುತ್ತಾನೆ. ಅದು ತಿರುಗುವುದಿಲ್ಲ. ಇಬ್ಬರು ಸೇರುತ್ತಾರೆ, ಮೂವರು ಸೇರುತ್ತಾರೆ. ಆಮೇಲೆ ಬುಸ್ಸೆಂದು ಗಾಳಿ ನುಗ್ಗಿ ನೀರನ್ನು ಹೊರಗೆ ತಳ್ಳುತ್ತದೆ, ಹಡಗಿನ ಮೂತಿ ಮೆಲ್ಲಗೆ ಏಳುತ್ತದೆ. ಮೇಲಿನ ಮುಚ್ಚಳ ತೆಗೆದಾಗ ಬಿಸಿಲು. ಮೊದಲು ಯಾರು ಹೊರಗೆ ಬಂದರು ಗೊತ್ತಾ? ಆ ಸಣಕಲು ಅಡಿಗೆಯವನು. ನಿನ್ನ ಅವ್ವ ಮುದ್ದಕ್ಕ ಅವನನ್ನು ಪರದೆಯ ಮೇಲೆ ಕಂಡಾಗಲೇ, 'ನಮ್ ಗೊಲ್ಲನ ಹಂಗೇ ಅವ್ನೆ ನೋಡ್ರಿ' ಎಂದು ಪಕ್ಕದವರಿಗೆ ತೋರಿಸಿದ್ದಳಂತೆ, ನೀನೇ ಎಷ್ಟೋ ಸಲ ಹೇಳಿದ್ದೀಯ. ಅವನು ಹೊರಗೆ ಬಂದು ಏನೂ ಮಾಡಲಿಲ್ಲ. ಕಬ್ಬಿಣದ ಮೇಲೆ ಅಂಗಾತ ಮಲಗಿ ಗಳಗಳ ಅತ್ತ, ಅಷ್ಟೇ.

ಹುಟ್ಟಿದಾಗಿನಿಂದ ಸಿನಿಮಾ ನೋಡದ ಮುದ್ದಕ್ಕನನ್ನು ನೀನು ಅವತ್ತು ಕುರಿಹಟ್ಟಿ ಬಿಡಿಸಿ ಕರೆತಂದದ್ದು ಯಾಕೆ ಎಂದು ನನಗೆ ಗೊತ್ತಿತ್ತು. ನೇವಿಯ ಕಾಗದ ನಿನ್ನ ಜೇಬಿನಲ್ಲಿತ್ತು, ಎಂಟು ದಿನದಲ್ಲಿ ವಿಶಾಖಪಟ್ಟಣಕ್ಕೆ ಹೊರಡಬೇಕಿತ್ತು. ಕುರಿ ಕಾಯುವವನ ತಾಳ್ಮೆ ಸಬ್‌ಮರೀನಿಗೆ ಸರಿ ಎಂದು ಯಾರೋ ಸಾಹೇಬರು ಹೇಳಿದ್ದರೆಂದು ನೀನು ಊರೆಲ್ಲ ಸಾರಿದ್ದೆ. ಮಗ ಹೋಗುವ ಹಡಗು ಹೇಗಿರುತ್ತದೆ ಎಂದು ಅವ್ವ ನೋಡಲಿ, ಧೈರ್ಯ ಬರಲಿ ಎಂದು ಕರೆತಂದೆ. ಒಳ್ಳೇ ಧೈರ್ಯ ಬಂತು! ಗೇಟಿನಲ್ಲಿ ನಿನ್ನ ತೋಳು ಹಿಡಿದು, 'ನನ್ನ ಹೆಣದ ಮ್ಯಾಲೆ ದಾಟ್ಕಂಡು ಹೋಗು' ಎಂದಳು. ನೀನು ಹೋಗಲಿಲ್ಲ. ಹಟ್ಟಿಗೆ ವಾಪಸ್ಸಾದೆ. ಮತ್ತೆ ನೇವಿಯ ಹೆಸರೆತ್ತಲಿಲ್ಲ, ಆದರೆ ಸಬ್‌ಮರೀನಿನ ಪಿಚ್ಚರು ಎಲ್ಲಿದ್ದರೂ ಬಿಡಲಿಲ್ಲ. ಬೇಡವೆಂದು ಬಿಟ್ಟವನು ಅಷ್ಟು ಹುಡುಕಿ ಹುಡುಕಿ ನೋಡುತ್ತಾನೇನೋ? ನೀನು ಫೋನಿನ ಆ ಅಂಗೈಯಗಲದ ಪರದೆಗೆ ಮೂಗು ತಾಗಿಸಿ ಕೂತಾಗ ನಾನು ಬೇರೆ ಕಡೆ ತಿರುಗಿಬಿಡುತ್ತಿದ್ದೆ.

ಹೇಳಬಹುದಿತ್ತು. ಮಾರನೇ ದಿನವೇ ಸೈಕಲ್ ಹತ್ತಿ ಆದಿವಾಲಕ್ಕೆ ಬಂದು ಹೇಳಬಹುದಿತ್ತು, ಇನ್ನೂ ಏಳು ದಿನ ಇತ್ತು. ಹೇಳಲಿಲ್ಲ. ಆಮೇಲೆ ಹೇಳಿ ಏನು ಪ್ರಯೋಜನ ಎನಿಸಿತು. ನಿನಗೆ ಮದುವೆಯಾಯಿತು, ಮಕ್ಕಳಾದರು, ಕುರಿ ಹೆಚ್ಚಿದವು. ಎಲ್ಲ ಸರಿಯಾಗೇ ಇದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಶುಕ್ರವಾರ ಆ ಹುಡುಗಿ ಕಾಗದ ಮಡಚಿದ್ದು ನೋಡಿದೆ ನೋಡು, ಅಂಗಿಯ ಜೇಬಿಗೆ ಕಾಗದ ಮಡಚಿಡುತ್ತಿದ್ದ ನೀನೇ ಕಂಡೆ.

ಅವಳನ್ನು ಕಳಿಸು ಗೊಲ್ಲಪ್ಪ. ಸಮುದ್ರದಲ್ಲಿ ಅಪಾಯವಿಲ್ಲ ಎಂದು ನಾನು ಹೇಳುವುದಿಲ್ಲ, ಹೇಳಲು ನಾನ್ಯಾರು, ಸಮುದ್ರ ಕಂಡವನೇ ಅಲ್ಲ. ಆದರೆ ಒಂದು ರೀಲು ಕಡಿಮೆ ನೋಡಿ ಹೆದರಿದ ಹೆದರಿಕೆಯನ್ನು ಆ ಮಗುವಿನ ತಲೆಗೆ ಕಟ್ಟಬೇಡ. ಬೇಕಾದರೆ ನೀನೇ ಯೋಚಿಸಿ ಬೇಡ ಎನ್ನು, ನನ್ನ ಪಿಚ್ಚರಿನ ಮಾತು ಕೇಳಿ ಬೇಡ ಎನ್ನಬೇಡ. ಅತ್ಯುತ್ತಮ ಸಬ್‌ಮರೀನ್ ಸಿನಿಮಾ ಯಾವುದು ಎನ್ನುವ ವಾದದಲ್ಲಿ ನೀನೇ ಗೆದ್ದೆ, ಅದು ಅದೇ. ನೀನು ಅದನ್ನು ಪೂರ್ತಿ ನೋಡಿಲ್ಲ, ಅಷ್ಟೇ.

ಬೈಯುವುದಿದ್ದರೆ ಅಂಗಡಿಗೇ ಬಂದು ಬೈ. ಗಿರಾಕಿಗಳು ಕೇಳಿಸಿಕೊಂಡರೂ ಪರವಾಗಿಲ್ಲ.

ನಿನ್ನ,
ಹಜರತ್ ಅಲಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬಂದಿರಲಿಲ್ಲ. ಕಾಗದ ಮಡಚಿ ಅಂಟಿಸಿದ್ದೆ, ಮತ್ತೆ ಬಿಚ್ಚಿದ್ದೇನೆ.

ಏಕಾಂತಪ್ಪನ ಬಸ್ಸು ಅವತ್ತು ಪಂಕ್ಚರ್ ಆಗಿರಲಿಲ್ಲ. ತೀರಿಕೊಂಡವನ ಮೇಲೆ ಸುಳ್ಳು ಹೇಳಬಾರದು. ಒಂಬತ್ತನೇ ರೀಲು ಓಡುತ್ತಿರುವಾಗಲೇ ಹತ್ತನೆಯದರ ಡಬ್ಬಿ ನನ್ನ ಕಾಲ ಬಳಿ ಇತ್ತು. ಮುಚ್ಚಳವನ್ನೂ ತೆಗೆದಿದ್ದೆ. ಕಿಂಡಿಯಿಂದ ಕೆಳಗೆ ನೋಡಿದರೆ ಮುದ್ದಕ್ಕ ನಿನ್ನ ತೋಳು ಹಿಡಿದು ಅಳುತ್ತಿದ್ದಳು. ಈ ಒಂದು ರೀಲು ಹಾಕದಿದ್ದರೆ ಇವನು ಹೋಗುವುದಿಲ್ಲ ಎನಿಸಿತು. ನಿನ್ನ ಬಿಟ್ಟರೆ ನನಗೆ ಈ ಊರಲ್ಲಿ ಯಾರೂ ಇರಲಿಲ್ಲ ಗೊಲ್ಲಾ. ಬೆಳಿಗ್ಗೆ ನೇವಿಯ ಕಾಗದ ತೋರಿಸಿದಾಗ ತಬ್ಬಿಕೊಂಡು ಮುಬಾರಕ್ ಎಂದಿದ್ದೆನಲ್ಲ, ಅದು ಬಾಯಿಮಾತು. ಮುಚ್ಚಳ ಮತ್ತೆ ಹಾಕಿ ಸ್ಲೈಡು ಹಾಕಿದೆ.

ಪ್ರತಿ ವರ್ಷ ಹಿರಿಯರ ಹಬ್ಬದಲ್ಲಿ ಅವ್ವನಿಗೆ ಎಡೆ ಇಡುವಾಗ, ನೀನೇ ನನ್ನ ಕಟ್ಟಿ ಹಾಕಿದೆ ಎಂದು ಗೊಣಗುತ್ತೀಯಂತೆ, ಕಾವ್ಯಶ್ರೀ ಹೇಳಿದಳು. ಇನ್ನು ಗೊಣಗಬೇಡ. ನಿನ್ನನ್ನು ತಡೆದವಳು ಅವಳಲ್ಲ.

ಸೋಮವಾರ ಬಸ್ ಸ್ಟ್ಯಾಂಡಿಗೆ ಬಾ ಎಂದರೆ ಬರುತ್ತೇನೆ. ನನ್ನ ಮುಖ ನೋಡಲಾರೆ ಎಂದರೆ ಬರುವುದಿಲ್ಲ. ಅವಳನ್ನು ಮಾತ್ರ ಕಳಿಸು.